ಬನ್ನಿ ಕಾರ್ಡಿಗೆ ಯಾವ ಪಂಚ್? ಎಲೆ, ದಡಿ, ದುಂಡು ಮೂರನ್ನೂ ಒತ್ತಿ ನೋಡಿದೆ

ಧಾರವಾಡದಲ್ಲಿ ವಿಜಯದಶಮಿ ಸಂಜೆ ಎಲ್ಲರೂ ಬನ್ನಿ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವೆ. ದೂರದ ಊರಿನಲ್ಲಿರುವವರಿಗೆ ಎಲೆ ಕಳಿಸಿದರೆ ತಲುಪುವಷ್ಟರಲ್ಲಿ ಒಣಗಿ ಉದುರುತ್ತದೆ. ಅದಕ್ಕೇ ಈ ಸಲ ಬಂಗಾರ ಬಣ್ಣದ ಕಾಗದದಲ್ಲಿ ಎಲೆ ಮಾಡಿ, 25 ಕಾರ್ಡಿಗೆ ಅಂಟಿಸಿ ಕಳಿಸಿದೆ. ಅದಕ್ಕೆಂದು ಸುಭಾಸ ರಸ್ತೆಯಲ್ಲಿ ಮೂರು ಪಂಚ್, ಅಂದರೆ ಒತ್ತಿದರೆ ಕಾಗದವನ್ನು ಒಂದು ಆಕಾರಕ್ಕೆ ಕತ್ತರಿಸುವ ಸಾಧನ, ಕೊಂಡಿದ್ದೆ: ಎಲೆಯದು, ಕಾಗದದ ಅಂಚಿಗೆ ನಮೂನೆ ಕತ್ತರಿಸುವ ಬಾರ್ಡರಿನದು, ಒಂದಿಂಚಿನ ದುಂಡನೆಯದು.

ಎಲೆ ಪಂಚ್ ಎಲ್ಲಕ್ಕಿಂತ ಸಲೀಸು. ಒಂದು ಒತ್ತಿಗೆ ಒಂದು ಎಲೆ, ಅಂಚೂ ಚೊಕ್ಕ. ಆದರೆ ಅದು ಐದು ಮೂಲೆಯ ಚಳಿ ದೇಶದ ಎಲೆ. ಅವ್ವ ಕೈಗೆತ್ತಿಕೊಂಡು ನೋಡಿ, "ಬನ್ನಿ ಎಲಿ ಹಿಂಗ ಇರ್ತದೇನವಾ?" ಅಂದಳು. ನಿಜ ಅಲ್ವಾ? ಬನ್ನಿಯದು ಕಡ್ಡಿಯ ಎರಡೂ ಬದಿಗೆ ಸಾಲಾಗಿ ಕೂತ ಸಣ್ಣ ಸಣ್ಣ ಎಲೆ. ಎಲೆ ತೆಗೆದ ಮೇಲೆ ಉಳಿದ ತೂತಿನ ಹಾಳೆ ಮಾತ್ರ ಚಂದ ಇತ್ತು. ಅದರ ಹಿಂದೆ ಬಣ್ಣದ ಕಾಗದ ಇಟ್ಟರೆ ಕಿಟಕಿಯ ಹಾಗೆ ಕಾಣುತ್ತದೆ.

ಬಾರ್ಡರ್ ಪಂಚ್ ಮೇಲೆ ನನಗೆ ಆಸೆ ಜಾಸ್ತಿ ಇತ್ತು. ಇಳಕಲ್ ಸೀರೆಯ ದಡಿಯ ಹಾಗೆ ಕೆಂಪು ಅಂಚು ಮಾಡಬೇಕು ಅಂತ. ನನ್ನ ಪಂಚಿನ ಹೂವಿನ ನಮೂನೆ ಒಂದು ಒತ್ತಿಗೆ 4 ಸೆಂ.ಮೀ. ಎ4 ಹಾಳೆಯನ್ನು ನಾಲ್ಕು ಮಾಡಿದರೆ ಕಾರ್ಡಿನ ಉದ್ದ 14.8 ಸೆಂ.ಮೀ. ಲೆಕ್ಕ ಕೂಡುವುದೇ ಇಲ್ಲ. ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿಯಲ್ಲಿ ಹೂವು ಅರ್ಧಕ್ಕೇ ತುಂಡಾಗುತ್ತದೆ. ಕಾರ್ಡನ್ನೇ ಒತ್ತುವುದು ಬೇಡ. ಬೇರೆ ಪಟ್ಟಿಯ ಮೇಲೆ ನಡುವಿನಿಂದ ಎರಡೂ ಕಡೆಗೆ ಒತ್ತಿಕೊಂಡು ಹೋಗಿ, ತುದಿಗಳನ್ನು ಸಮನಾಗಿ ಕತ್ತರಿಸಿ ಅಂಟಿಸಿ. ಆಗ ದಡಿ ದಡಿಯಂತೆ ಕಾಣುತ್ತದೆ.

ಇನ್ನು ದುಂಡು ಪಂಚ್. ನನ್ನ ಮನಸ್ಸು ಗೆದ್ದದ್ದು ಇದೇ. ಮೊದಲು 2.5 ಸೆಂ.ಮೀ. ಬಿಲ್ಲೆ ಒತ್ತಿ ತೆಗೆಯಿರಿ. ಪಂಚನ್ನು ತಲೆಕೆಳಗೆ ಹಿಡಿಯಿರಿ, ಆಗ ಎಲ್ಲಿ ಕತ್ತರಿಸುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಅದೇ ಬಿಲ್ಲೆಯನ್ನು ಅರ್ಧ ಸೆಂ.ಮೀ. ಮಾತ್ರ ಒಳಗೆ ತೂರಿಸಿ ಒತ್ತಿ. ಎರಡೂ ತುದಿ ಚೂಪಾದ, ಒಂದೂವರೆ ಸೆಂ.ಮೀ. ಉದ್ದದ ಎಲೆ ಉದುರುತ್ತದೆ. ಬಿಲ್ಲೆ ತಿರುಗಿಸುತ್ತಾ ನಾಲ್ಕೂ ಕಡೆ ಒತ್ತಿದರೆ ನಾಲ್ಕು ಎಲೆ, ನಡುವೆ ಉಳಿಯುವುದು ನಾಲ್ಕು ಮೂಲೆಯ ಚಿಕ್ಕಿ (ನಕ್ಷತ್ರ)! ಒಂದು ಚೂರೂ ದಂಡವಿಲ್ಲ. ಕಾರ್ಡಿಗೆ ಎಂಟೆಂಟು ಎಲೆಯನ್ನು ಹಸಿರು ದಾರದ ಎರಡೂ ಬದಿಗೆ ಅಂಟಿಸಿದೆ. ಈ ಸಲ ಅವ್ವ ಏನೂ ಕೇಳಲಿಲ್ಲ, ಒಂದು ಕಾರ್ಡು ತೆಗೆದು ದೇವರ ಮುಂದೆ ಇಟ್ಟಳು.

ಕೆಲಸ ಜಾಸ್ತಿ, ಅದು ನಿಜ. 200 ಎಲೆಗೆ 250 ಸಲ ಒತ್ತಬೇಕು. ಹೆಬ್ಬೆರಳು ಬಿಟ್ಟು, ಪಂಚನ್ನು ನೆಲದ ಮೇಲಿಟ್ಟು ಅಂಗೈಯಿಂದ ಒತ್ತಿ. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ಹಾಕಬೇಡಿ. ನನ್ನದು ಒಳಗೇ ಸಿಕ್ಕಿಕೊಂಡು, ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ ತೂಗುವ) ಕಾಗದ ಸರಾಗ. ಅಂಚು ಜುಂಗುಜುಂಗಾಗಿ ಬರತೊಡಗಿದರೆ ಅಡುಗೆಮನೆಯ ಫಾಯಿಲ್ ನಾಲ್ಕು ಮಡಿಕೆ ಮಾಡಿ ಹತ್ತು ಸಲ ಒತ್ತಿ. ಅಲಗು ಬಿಗಿಯಾಗಿ ಓಡಿದರೆ ಮೇಣ ಸವರಿದ ಕಾಗದ ಒತ್ತಿ.

ಫೈಲಿಗೆ ತೂತು ಹಾಕುವ ಮನೆಯ ಪಂಚಿಂಗ್ ಮಷಿನ್ನಿನ ಹೊಟ್ಟೆಯಲ್ಲಿ ಕೂಡಿದ ಚುಕ್ಕಿಗಳನ್ನೂ ಚೆಲ್ಲಬೇಡಿ. 6 ಮಿ.ಮೀ. ಬಿಳಿ ಚುಕ್ಕಿ, ಕರಿ ಕಾಗದ, ಮೇಲೆ ಪೆನ್ನಿನ ಗೆರೆ. ಚುಕ್ಕಿ ರಂಗೋಲಿ ಕಾರ್ಡು ಸಿದ್ಧ. ಬನ್ನಿ ಎಲೆ ಮಾಡಿ ಉಳಿದ 50 ಚಿಕ್ಕಿಗಳನ್ನೂ ಡಬ್ಬಿಯಲ್ಲಿ ಇಟ್ಟಿದ್ದೇನೆ, ದೀಪಾವಳಿಯ ಕಾರ್ಡಿಗೆ.