ಹಳೆಯ ರೆಕಾರ್ಡುಗಳ ಮುಗ್ಗಲು ವಾಸನೆಗೆ ಇದ್ದಿಲ ಚೀಲ: ಹಲವು ವರ್ಷಗಳ ಬಳಕೆಯ ನಂತರ

ಸಕ್ರಿಯ ಇದ್ದಿಲು ತುಂಬಿದ ಸಣ್ಣ ಬಟ್ಟೆಚೀಲಗಳನ್ನು ಹಳೆಯ ವಿನೈಲ್ ರೆಕಾರ್ಡುಗಳ ವಾಸನೆ ತೆಗೆಯಲು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇವು ಶೂ, ಕಪಾಟು ಮತ್ತು ಕಾರುಗಳಿಗೆಂದು ಮಾರುವ ಸಾಮಾನ್ಯ ಚೀಲಗಳು, ರೆಕಾರ್ಡಿಗೆಂದೇ ತಯಾರಿಸಿದವಲ್ಲ. ಸೆಕೆಂಡ್ ಹ್ಯಾಂಡ್ ಎಲ್‌ಪಿಗಳನ್ನು (ಲಾಂಗ್ ಪ್ಲೇ ರೆಕಾರ್ಡುಗಳನ್ನು) ಕೊಳ್ಳುವವರಿಗೆ ಇವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ಚೀಲ ಕೆಲಸ ಮಾಡುವುದು ಕವರಿನ ಮೇಲೆಯೇ ಹೊರತು ತಟ್ಟೆಯ ಮೇಲಲ್ಲ. ತಟ್ಟೆಯನ್ನು ತೊಳೆಯುವ ಮತ್ತು ಒಳಕವರನ್ನು ಬದಲಾಯಿಸುವ ಶ್ರಮವನ್ನು ಅದು ತಪ್ಪಿಸುವುದಿಲ್ಲ.

ತಟ್ಟೆಯನ್ನು ತೊಳೆದು, ಒಣಗಿಸಿ, ಕವರಿನಿಂದ ದೂರವಿಟ್ಟು ಎರಡನ್ನೂ ಬೇರೆ ಬೇರೆಯಾಗಿ ಮೂಸಿ ನೋಡಿದರೆ ವಾಸನೆ ಎಲ್ಲಿ ಕುಳಿತಿದೆಯೆಂಬುದು ತಿಳಿಯುತ್ತದೆ. 1948ರಲ್ಲಿ ಎಲ್‌ಪಿ ಬಂದಾಗಿನಿಂದಲೂ ಅದರ ಮುಖ್ಯ ವಸ್ತು ಪಿವಿಸಿ ಜಾತಿಯ ಪ್ಲಾಸ್ಟಿಕ್. ಅದು ನೀರನ್ನು ಹೀರುವುದು ತೀರಾ ಕಡಿಮೆಯಾದ್ದರಿಂದ ದೂಳು, ಹೊಗೆಯ ಜಿಡ್ಡು, ಬೂಷ್ಟು ಎಲ್ಲವೂ ಬಹುತೇಕ ಮೇಲ್ಮೈಯಲ್ಲೇ ಉಳಿಯುತ್ತವೆ. ರಟ್ಟಿನ ಕವರು ಮತ್ತು ಕಾಗದದ ಒಳಕವರು ಹಾಗಲ್ಲ; ಅವುಗಳ ನಾರುಗಳು ಗಾಳಿಯ ತೇವವನ್ನೂ ಅದರೊಂದಿಗೆ ಬರುವ ವಾಸನೆಯನ್ನೂ ಒಳಗೆಳೆದುಕೊಳ್ಳುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65–70ನ್ನು ಮೀರಿ ಬಹುಕಾಲ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ತಟ್ಟೆಯನ್ನು ಎಷ್ಟು ಚೆನ್ನಾಗಿ ತೊಳೆದರೂ ಮತ್ತೆ ಅದೇ ಕವರಿಗೆ ಸೇರಿಸಿದರೆ ವಾಸನೆ ಮರಳಿ ಬರುವುದು ಇದರಿಂದಲೇ.

ಇದ್ದಿಲಿನ ಗುಣವಿರುವುದು ಅದರ ಸೂಕ್ಷ್ಮ ರಂಧ್ರಗಳಲ್ಲಿ. ಒಂದು ಗ್ರಾಂ ಸಕ್ರಿಯ ಇದ್ದಿಲಿನ ಒಳಮೇಲ್ಮೈ ಸಾಮಾನ್ಯವಾಗಿ 500 ಚದರ ಮೀಟರಿಗಿಂತಲೂ ಹೆಚ್ಚಿರುತ್ತದೆ. ವಾಸನೆಯ ಅಣುಗಳು ಅಲ್ಲಿ ಅಂಟಿಕೊಂಡು ನಿಲ್ಲುತ್ತವೆ. ಚೀಲವನ್ನು ತೆರೆದ ಕಪಾಟಿನಲ್ಲಿಟ್ಟರೆ ಅದು ಕೋಣೆಯ ಗಾಳಿಯನ್ನೆಲ್ಲ ಹೀರುತ್ತ ಬೇಗ ದಣಿಯುತ್ತದೆ, ಕವರಿಗೆ ಸಿಗುವ ಪ್ರಯೋಜನ ಅತ್ಯಲ್ಪ. ಆದ್ದರಿಂದ ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಅಗತ್ಯ. ಖಾಲಿ ಕವರನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿ, ಬಾಯಿ ಮುಚ್ಚಿಕೊಳ್ಳದಂತೆ ಒಳಗೆ ಮಡಿಸಿದ ಬಿಳಿ ಕಾಗದವನ್ನಿಟ್ಟು, ಚೀಲಗಳನ್ನು ಕವರಿಗೆ ತಾಗದಂತೆ ಪಕ್ಕದಲ್ಲಿಡುತ್ತೇನೆ. ತಾಗಿಸಿದರೆ ಬಟ್ಟೆಯ ಎಳೆಗಳ ಸಂದಿನಿಂದ ಉದುರುವ ಕಪ್ಪು ಪುಡಿ, ಮುಖ್ಯವಾಗಿ ಹೊಳಪಿಲ್ಲದ ತಿಳಿಬಣ್ಣದ ಕವರಿನ ಮೇಲೆ, ಕಲೆ ಮಾಡುತ್ತದೆ. ಸಾಧಾರಣ ಮುಗ್ಗಲು ವಾಸನೆ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಪುಸ್ತಕದಂತೆ ತೆರೆಯುವ ಜೋಡಿ ಕವರುಗಳು ಹೆಚ್ಚು ಹಟಮಾರಿ. ಮಡಿಕೆಯಲ್ಲೂ ಅಂಟು ಹಚ್ಚಿದ ಅಂಚಿನಲ್ಲೂ ವಾಸನೆ ಕೊನೆಯವರೆಗೆ ಉಳಿಯುವುದರಿಂದ, ನಾನು ಮೂಸಿ ಪರೀಕ್ಷಿಸುವುದು ಆ ಜಾಗವನ್ನೇ.

ಸಿಗರೇಟು ಹೊಗೆಯ ವಾಸನೆ ಇನ್ನೂ ಕಷ್ಟದ್ದು, ತಿಂಗಳಿಗೂ ಮಿಕ್ಕಿ ಕಾಯಬೇಕಾಗುತ್ತದೆ. ಇಲ್ಲಿ ತಟ್ಟೆಯನ್ನು ತೊಳೆಯದೆ ಗತ್ಯಂತರವಿಲ್ಲ. ಡಿಸ್ಟಿಲ್ಡ್ ವಾಟರಿಗೆ ಸೌಮ್ಯ ಸೋಪು ದ್ರಾವಣದ ಕೆಲವು ಹನಿ ಬೆರೆಸಿ, ಲೇಬಲ್ ನೆನೆಯದಂತೆ ನೋಡಿಕೊಂಡು, ಮೃದುವಾದ ಬಿಳಿ ಬಟ್ಟೆಯಿಂದ ಗೆರೆಗಳ ಗುಂಟ ಸುತ್ತುತ್ತ ಒರೆಸಿದಾಗ ಬಟ್ಟೆಗೆ ಹಳದಿ ಮಿಶ್ರಿತ ಕಂದು ಬಣ್ಣ ಹತ್ತುತ್ತದೆ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಿ, ನಂತರ ಬರೀ ಡಿಸ್ಟಿಲ್ಡ್ ವಾಟರಿನಿಂದ ಮತ್ತೊಮ್ಮೆ ಒರೆಸಬೇಕು; ಸೋಪಿನ ಅಂಶ ಒಣಗಿ ಉಳಿದರೆ ಅದು ಸೂಜಿಗೆ ಮೆತ್ತಿಕೊಳ್ಳುತ್ತದೆ. ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ (78 ಆರ್‌ಪಿಎಂ) ತಟ್ಟೆಗಳನ್ನು ಆಲ್ಕೋಹಾಲ್ ಕರಗಿಸುವುದರಿಂದ ಅದಿರುವ ಯಾವ ದ್ರಾವಣವನ್ನೂ ಅವುಗಳ ಹತ್ತಿರ ತರಬಾರದು. ಸಾದಾ ಕಾಗದದ ಒಳಕವರನ್ನು ಎಸೆದು ಪಾಲಿಥೀನಿನ ಹೊಸದನ್ನು ಹಾಕುವುದು ಉತ್ತಮ. ಹಾಡಿನ ಸಾಹಿತ್ಯವೋ ಚಿತ್ರವೋ ಅಚ್ಚಾಗಿರುವ ಒಳಕವರು ಮಾತ್ರ ಹೊರಕವರಿನೊಂದಿಗೆ ಇದ್ದಿಲ ಡಬ್ಬಿಗೆ ಹೋಗುತ್ತದೆ.

ಈ ಚೀಲಗಳ ಬಗ್ಗೆ ನನ್ನ ದೊಡ್ಡ ಆಕ್ಷೇಪವಿರುವುದು ಪೊಟ್ಟಣದ ಮೇಲಿನ ಭರವಸೆಗೆ. ಬಿಸಿಲಿಗಿಟ್ಟರೆ ಚೀಲ ಹೊಸದರಂತಾಗುತ್ತದೆ ಎಂದು ಬರೆದಿರುತ್ತಾರೆ. ಚೀಲ ಹೀರಿದ ತೇವವನ್ನೂ ಹಗುರವಾದ ಕೆಲವು ಆವಿಗಳನ್ನೂ ಬಿಸಿಲು ಹೊರಹಾಕೀತು. ಹೊಗೆಯ ಭಾರವಾದ ಅಣುಗಳನ್ನು ಬಿಡಿಸಲು ಕಾರ್ಖಾನೆಗಳಲ್ಲಿ ನೂರಾರು ಡಿಗ್ರಿ ಶಾಖ ಬೇಕಾಗುತ್ತದೆ. ಸಿಗರೇಟು ವಾಸನೆಯ ಕವರುಗಳಿಗೆ ಬಳಸಿದ ಚೀಲವನ್ನು ನಾನು ಬೇರೆ ಕವರುಗಳಿಗೆ ಮತ್ತೆ ಬಳಸುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನಗಳಲ್ಲಿ ಇದ್ದಿಲಿನ ಸಾಮರ್ಥ್ಯವೂ ತಗ್ಗುವುದರಿಂದ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ಲನ್ನೂ ಸೇರಿಸುತ್ತೇನೆ.

ಇದ್ದಿಲು ಬೂಷ್ಟನ್ನು ಕೊಲ್ಲುವುದಿಲ್ಲ ಎಂಬುದೂ ನೆನಪಿರಲಿ. ಕಣ್ಣಿಗೆ ಕಾಣುವ ಬೂಷ್ಟಿದ್ದರೆ ಕವರನ್ನು ಮೊದಲು ಚೆನ್ನಾಗಿ ಒಣಗಿಸಿ, ಮಾಸ್ಕ್ ಧರಿಸಿ, ಮನೆಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಗುಡಿಸಬೇಕು. ಬಿರುಬಿಸಿಲಿನಲ್ಲಿ ಕವರಿನ ಬಣ್ಣ ಮಾಸುತ್ತದೆ, ತಟ್ಟೆಯಂತೂ ಸೊಟ್ಟಗಾಗುತ್ತದೆ. ನೆರಳಿನ ಒಣಗಾಳಿಯೇ ಸಾಕು. ಸುಗಂಧದ ಸ್ಪ್ರೇ ಮತ್ತು ನುಸಿಗುಳಿಗೆಗಳನ್ನು ದಯವಿಟ್ಟು ಬಳಸಬೇಡಿ. ಅವು ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೇರುತ್ತವೆಯಷ್ಟೆ. ಓಝೋನ್ ಯಂತ್ರವೂ ಬೇಡ, ಓಝೋನ್ ಕಾಗದವನ್ನೇ ಹಾಳುಮಾಡುತ್ತದೆ.

ಈಗ ನಾನು ಸಿದ್ಧ ಚೀಲಗಳನ್ನು ಕಡಿಮೆ ಮಾಡಿ, ಅಕ್ವೇರಿಯಂ ಫಿಲ್ಟರಿಗೆಂದು ಮಾರುವ ಬಿಡಿ ಇದ್ದಿಲ ಹರಳುಗಳನ್ನು ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದೇನೆ. ಪುಡಿ ಉದುರುವುದು ಕಡಿಮೆಯಾಗಿದೆ, ಹಳೆಯದನ್ನು ಎಸೆದು ಹೊಸದನ್ನು ತುಂಬುವುದೂ ಸುಲಭ. ಕೆಲವೇ ರೆಕಾರ್ಡುಗಳಿರುವವರಿಗೆ ಸಿದ್ಧ ಚೀಲವೇ ಅನುಕೂಲ. ಬಟ್ಟೆ ಒತ್ತಾಗಿರುವುದನ್ನು ನೋಡಿ ಕೊಳ್ಳಿ.