ಟೆನ್ಬಿ, ಲಾಂಗ್ರಾನೊಗ್, ಅಬರ್‌ಡಾರನ್: ಮೂರು ಬೇಸಿಗೆ, ಮೂರು ಕಡಲು

ಕಾರ್ಡಿಫ್‌ನಲ್ಲಿ ಮನೆ ಮಾಡಿದ ಮೇಲೆ ನಮ್ಮ ಮಕ್ಕಳಿಗೆ ರಜೆ ಅಂದರೆ ಕಡಲು ಅಂತಲೇ ಆಗಿದೆ. ನಾನು ಬೆಳೆದದ್ದು ಕುಂದಾಪುರದಲ್ಲಿ, ನನಗೆ ಕಡಲು ಹೊಸದಲ್ಲ. ನಮ್ಮವರು ಮೈಸೂರಿನವರು, ಅವರು ಕಡಲು ಕಂಡದ್ದೇ ಶಾಲೆಯ ಪ್ರವಾಸದಲ್ಲಿ. ಆದರೆ ವೇಲ್ಸ್‌ನ ಕಡಲು ನಮ್ಮಿಬ್ಬರಿಗೂ ಹೊಸದಾಗಿಯೇ ಕಂಡಿತು. ಮೂರು ಬೇಸಿಗೆಯಲ್ಲಿ ಮೂರು ಕಡೆ ಒಂದೊಂದು ವಾರ ಉಳಿದು ನೋಡಿದೆವು. ಮೊದಲು ಪೆಂಬ್ರೋಕ್‌ಶೈರ್‌ನ ಟೆನ್ಬಿ, ಆಮೇಲೆ ಕಾರ್ಡಿಗನ್ ಕೊಲ್ಲಿಯ ಲಾಂಗ್ರಾನೊಗ್, ಮೂರನೇ ವರ್ಷ ಉತ್ತರದ ಲೀನ್ ಪರ್ಯಾಯ ದ್ವೀಪದ ತುದಿಯ ಅಬರ್‌ಡಾರನ್. ಮೊದಲ ವರ್ಷ ಮಗನಿಗೆ ಆರು, ಮಗಳಿಗೆ ಮೂರು.

ಇಲ್ಲಿನ ಕನ್ನಡದ ಗೆಳತಿಯರು "ಯಾವುದು ಚೆನ್ನಾಗಿದೆ, ಎಲ್ಲಿ ಬುಕ್ ಮಾಡೋಣ" ಅಂತ ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಡಲು ಈಜುವವರಿಗಿಂತ ಜಾಸ್ತಿ ನಡೆಯುವವರಿಗೆ ಸೇರಿದ್ದು. ಬೇಸಿಗೆಯ ಕೊನೆಗೂ ನೀರು 16-17 ಡಿಗ್ರಿ ದಾಟುವುದು ಅಪರೂಪ. ವೆಟ್‌ಸೂಟ್ ಇಲ್ಲದೆ ಮಕ್ಕಳು ಹತ್ತು ನಿಮಿಷಕ್ಕೆ ತುಟಿ ನೀಲಿ ಮಾಡಿಕೊಂಡು ಓಡಿ ಬರುತ್ತಾರೆ. ಆದರೆ ನೀರು ಇಳಿದಾಗ ನೋಡಬೇಕು. ಕುಂದಾಪುರದಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ಎರಡು ಮೀಟರ್ ಕೂಡ ವ್ಯತ್ಯಾಸ ಬರುವುದಿಲ್ಲ. ಟೆನ್ಬಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಅದು ಏಳು ಮೀಟರಿಗೂ ಜಾಸ್ತಿ. ಬ್ರಿಸ್ಟಲ್ ಚಾನೆಲ್ ಅನ್ನುವ ಕಡಲ ಭಾಗ ಲಾಳಿಕೆಯ ಹಾಗೆ ಒಳಗೊಳಗೆ ಕಿರಿದಾಗುವುದರಿಂದ ನೀರು ಅಷ್ಟು ಎತ್ತರಕ್ಕೆ ಏರುತ್ತದೆ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಮಕ್ಕಳು ಚೆಂಡು ಆಡುತ್ತಿರುತ್ತಾರೆ! ಹಾಗಾಗಿ ನಾನು ಮೂರೂ ಊರನ್ನು ಇಳಿತದಿಂದಲೇ ಅಳೆಯುತ್ತೇನೆ. ನೀರು ಹಿಂದೆ ಸರಿದಾಗ ಆ ಊರು ಮಕ್ಕಳ ಕೈಗೆ ಏನು ಕೊಡುತ್ತದೆ ಅನ್ನುವುದೇ ನನ್ನ ಲೆಕ್ಕ.

ಟೆನ್ಬಿ ಈ ಲೆಕ್ಕದಲ್ಲಿ ಧಾರಾಳಿ. ಅದರ ವೆಲ್ಷ್ ಹೆಸರು ಡಿನ್‌ಬಿಖ್ ಅ ಪಸ್ಗೊಡ್, ಅಂದರೆ ಮೀನುಗಳ ಪುಟ್ಟ ಕೋಟೆ. ಬಂದರಿನ ಸುತ್ತ ಗುಲಾಬಿ, ಹಳದಿ, ತಿಳಿ ನೀಲಿ ಮನೆಗಳು, ಹಿಂದೆ ಹಳೇ ಕೋಟೆ ಗೋಡೆ. ಊರಿನೊಳಗಿಂದ ನಡೆದೇ ಹೋಗಬಹುದಾದ ದೊಡ್ಡ ದೊಡ್ಡ ಮರಳ ದಂಡೆಗಳಿವೆ. ಕ್ಯಾಸಲ್ ಬೀಚ್‌ನ ಎದುರಿಗೆ ಸೇಂಟ್ ಕ್ಯಾಥರೀನ್ಸ್ ಅನ್ನುವ ಬಂಡೆಯ ದ್ವೀಪ, ಅದರ ಮೇಲೆ 1860ರ ದಶಕದ ಕೊನೆಗೆ ಕಟ್ಟಲು ತೊಡಗಿದ ಕೋಟೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಅದರ ಸುತ್ತ ನೀರೇ ನೀರು. ಹನ್ನೊಂದಕ್ಕೆ ಹೋದರೆ ಒದ್ದೆ ಮರಳಿನ ಮೇಲೆ ದ್ವೀಪದ ಬುಡದವರೆಗೂ ನಡೆಯಬಹುದು. ಮಗ ಅವತ್ತು "ಅಮ್ಮಾ, ಸಮುದ್ರಕ್ಕೆ ಯಾರೋ ಬಾಗಿಲು ತೆಗೆದಿದ್ದಾರೆ" ಅಂದ.

ಅಲ್ಲಿನ ಕಲ್ಲುಗುಂಡಿಗಳಲ್ಲಿ ನಿಂತ ನೀರಿನ ಮುಂದೆ ನಾವು ಎರಡು ಗಂಟೆ ಕೂತಿದ್ದೆವು. ಬಂಡೆಗೆ ಅಂಟಿದ ಕಡುಗೆಂಪು ಮುದ್ದೆಯೊಂದು, ಹುಣಸೆಹಣ್ಣಿನ ಉಂಡೆಯಷ್ಟು ದೊಡ್ಡದು, ಹಾಗೇ ನುಣ್ಣಗೆ. ನೀರಿನಿಂದ ಹೊರಗಿದ್ದಾಗ ಜೀವ ಇದೆ ಅಂತಲೇ ಅನ್ನಿಸುವುದಿಲ್ಲ. ಅಂಥದ್ದೇ ಇನ್ನೊಂದು ನೀರಿನೊಳಗೆ ಅರಳಿಕೊಂಡಿತ್ತು, ಸುತ್ತ ಸಣ್ಣ ಸಣ್ಣ ಎಳೆಗಳು. ಮಗಳು ಕಿರುಬೆರಳು ತಾಗಿಸಿದಳು. ಎಳೆಗಳು ಬೆರಳಿಗೆ ಮೆಲ್ಲಗೆ ಅಂಟಿಕೊಂಡವು. ಅವಳು ಕೈ ತೆಗೆಯಲೂ ಇಲ್ಲ, ಉಸಿರು ಬಿಡಲೂ ಇಲ್ಲ. ಅದರ ಹೆಸರು ಸೀ ಅನೆಮೊನಿ ಅಂತ ಆಮೇಲೆ ಹೇಳಿಕೊಟ್ಟೆ. ಅವಳಿಗೆ ಅದು ಇವತ್ತಿಗೂ "ಅಂಟು ಹೂವು".

ಟೆನ್ಬಿಯಿಂದ ಕಾಲ್ಡಿ ದ್ವೀಪಕ್ಕೆ ದೋಣಿ ಹೋಗುತ್ತದೆ, ಇಪ್ಪತ್ತು ನಿಮಿಷದ ದಾರಿ. ಅಲ್ಲಿ ಸನ್ಯಾಸಿಗಳ ಮಠ ಇದೆ, ಅವರು ಚಾಕೊಲೇಟ್ ಮಾಡಿ ಮಾರುತ್ತಾರೆ. ಭಾನುವಾರ ದೋಣಿ ಇಲ್ಲ, ನೆನಪಿರಲಿ. ನೀರು ಇಳಿದಿದ್ದರೆ ಬಂದರಿನ ಬದಲು ಕ್ಯಾಸಲ್ ಬೀಚ್‌ನ ಮರಳಿನಿಂದಲೇ ದೋಣಿ ಹತ್ತಿಸುತ್ತಾರೆ.

ಹಾಗಾದರೆ ಟೆನ್ಬಿಯ ಕೊರತೆ ಏನು? ಜನ. ನಾವು ಹೋದದ್ದು ಜೂನ್‌ನಲ್ಲಿ, ಆಗಲೇ ಪಾರ್ಕಿಂಗ್‌ಗೆ ಪರದಾಟ. ಆಗಸ್ಟ್‌ನಲ್ಲಿ ಒಂದು ದಿನಕ್ಕೆ ಅಂತ ಮತ್ತೆ ಹೋದಾಗ ಛತ್ರಿ, ಗಾಳಿತಡೆಯ ಬಟ್ಟೆಗಳ ನಡುವೆ ಮರಳೇ ಕಾಣಲಿಲ್ಲ. ಉಳಿದುಕೊಂಡ ಕ್ಯಾರವಾನ್‌ನಲ್ಲಿ (ಗಾಡಿಯಂಥ ಬಾಡಿಗೆ ಮನೆ) ಎರಡನೇ ರಾತ್ರಿಯೇ ಹೀಟರ್ ಕೆಟ್ಟಿತು, ಸರಿಮಾಡಲು ಜನ ಬಂದದ್ದು ನಾಲ್ಕನೇ ದಿನ. ಜೂನ್ ಅಂದರೂ ರಾತ್ರಿ ಹನ್ನೊಂದು ಡಿಗ್ರಿ. ನಾಲ್ಕೂ ಜನ ಒಂದೇ ಹಾಸಿಗೆಯಲ್ಲಿ ಮಲಗಿದೆವು. ಕ್ಯಾರವಾನ್ ಬುಕ್ ಮಾಡುವವರು ಹೀಟರ್ ಬಗ್ಗೆ ಮೊದಲೇ ಕೇಳಿ, ಒಂದು ದಪ್ಪ ರಗ್ಗು ಕಾರಿನಲ್ಲಿ ಇಟ್ಟುಕೊಳ್ಳಿ.

ಎರಡನೇ ವರ್ಷ ಜುಲೈ ಕೊನೆಗೆ ಲಾಂಗ್ರಾನೊಗ್. (ಮೊದಲ ಅಕ್ಷರ ನಮ್ಮ "ಲ" ಅಲ್ಲ. ನಾಲಿಗೆಯನ್ನು "ಲ" ಜಾಗಕ್ಕೆ ಇಟ್ಟು ಸುಮ್ನೆ ಗಾಳಿ ಊದಬೇಕು. ಮಕ್ಕಳು ಒಂದೇ ದಿನದಲ್ಲಿ ಕಲಿತರು.) ಆ ವರ್ಷ ಅಮ್ಮ ಕುಂದಾಪುರದಿಂದ ಬಂದಿದ್ದರು. ಅವರಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಅದಕ್ಕೇ ಕ್ಯಾರವಾನ್ ಬಿಟ್ಟು ದಂಡೆಗೆ ಐದು ನಿಮಿಷದ ಒಂದು ಹಳೇ ಕಲ್ಲಿನ ಮನೆ ಬಾಡಿಗೆಗೆ ಹಿಡಿದೆವು. ಕಾರ್ಡಿಫ್‌ನಿಂದ ಎರಡೂವರೆ, ಮೂರು ಗಂಟೆ ದಾರಿ. ರೈಲು ಆ ಕಡೆಗೆ ಇಲ್ಲವೇ ಇಲ್ಲ, ಕಾರು ಬೇಕೇ ಬೇಕು. ಕೊನೆಯ ಮೈಲಿಗಳಲ್ಲಿ ರಸ್ತೆ ಒಂದೇ ಗಾಡಿ ಹಿಡಿಯುವಷ್ಟು, ಎರಡೂ ಕಡೆ ಆಳೆತ್ತರದ ಬೇಲಿ. ಎದುರು ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಬೇಕು. ರಸ್ತೆಯ ಮೇಲೆ ದೊಡ್ಡದಾಗಿ "ಆರವ್" ಅಂತ ಬರೆದಿರುತ್ತದೆ. ನಿಧಾನ ಅಂತ ಅರ್ಥ.

ಊರು ತುಂಬ ಸಣ್ಣದು. ಒಂದು ಕಿರಿದಾದ ಕಣಿವೆ ಇಳಿದು ಬಂದು ಕಡಲಿಗೆ ಮುಗಿಯುತ್ತದೆ, ಅಷ್ಟೇ. ದಂಡೆಯ ಪಕ್ಕದಲ್ಲಿ ಮೊನಚಾದ ದೊಡ್ಡ ಬಂಡೆ ನಿಂತಿದೆ, ಕ್ಯಾರೆಗ್ ಬಿಕಾ. ಬಿಕಾ ಅನ್ನುವ ದೈತ್ಯನಿಗೆ ಹಲ್ಲುನೋವು ಬಂತಂತೆ, ಹಲ್ಲನ್ನು ಕಿತ್ತು ಉಗುಳಿದನಂತೆ, ಅದೇ ಈ ಬಂಡೆ. ಹಲ್ಲುಜ್ಜಲು ಹಟ ಮಾಡುತ್ತಿದ್ದ ಮಗಳಿಗೆ ಈ ಕತೆ ಒಂದು ವಾರ ಪೂರ್ತಿ ಸಾಕಾಯಿತು. ನೀರು ಇಳಿದಾಗ ಆ ಬಂಡೆಯ ಆಚೆಗೆ ದಾರಿ ತೆರೆಯುತ್ತದೆ. ಅಲ್ಲಿ ಕಿಲ್‌ಬೊರ್ಥ್ ಅನ್ನುವ ಇನ್ನೊಂದು ದಂಡೆ, ಹಿಂದೆ ಕಡಿದಾದ ಬಂಡೆಗೋಡೆ. ಟೆನ್ಬಿಯ ಇಳಿತ ದೊಡ್ಡ ಮೈದಾನ ಕೊಟ್ಟರೆ, ಲಾಂಗ್ರಾನೊಗ್‌ನ ಇಳಿತ ಒಂದು ಗುಟ್ಟಿನ ಕೋಣೆ ಕೊಡುತ್ತದೆ. ನನಗೆ ಎರಡನೆಯದೇ ಹೆಚ್ಚು ಇಷ್ಟ.

ಆ ಕೋಣೆಯಲ್ಲಿ ನಾವು ಹೊತ್ತು ಮರೆತೆವು. ಮರಳಿನ ಕೋಟೆ ಮುಗಿಸಿ ತಿರುಗಿ ನೋಡುವಾಗ ಬಂದ ದಾರಿಯಲ್ಲಿ ನಮ್ಮವರ ಮಂಡಿಯವರೆಗೆ ನೀರು. ಪುಣ್ಯಕ್ಕೆ ಬಂಡೆಯ ಮೇಲಕ್ಕೆ ಮೆಟ್ಟಿಲುಗಳಿವೆ, ಮಕ್ಕಳನ್ನು ಎತ್ತಿಕೊಂಡು ಹತ್ತಿ ಸುತ್ತು ಬಳಸಿ ಬಂದೆವು. ಈ ಕಡೆ ಬೆಂಚಿನ ಮೇಲೆ ಕೂತಿದ್ದ ಅಮ್ಮ ಬೈದ ಬೈಗುಳ ಊರಿಗೆಲ್ಲ ಕೇಳಿರಬೇಕು. "ಕಡ್ಲ್ ಬದಿಯಲ್ ಹುಟ್ಟದವ್ಳು ನೀನು, ನೀರ್ ಕಾಂಬುಕ್ ಗೊತ್ತಿಲ್ಯಾ?" ಅವರು ಹೇಳಿದ್ದು ಸರಿ. ಉಬ್ಬರದ ಪಟ್ಟಿ ಫೋನಿನಲ್ಲಿ ಸಿಗುತ್ತದೆ, ಪ್ರತಿದಿನ ಹೊತ್ತು ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಅಂದಿನಿಂದ ಇಳಿತ ಮುಗಿಯುವ ಹೊತ್ತಿಗೇ ಅಲಾರಂ ಇಡುತ್ತೇನೆ, ಅದು ಹೊಡೆದರೆ ಕೋಟೆ ಅರ್ಧ ಆಗಿದ್ದರೂ ಎದ್ದು ಹೊರಡುವುದೇ.

ಅಲ್ಲಿಂದ ಸ್ವಲ್ಪ ಉತ್ತರಕ್ಕೆ ನ್ಯೂ ಕೀ. ಕಾರ್ಡಿಗನ್ ಕೊಲ್ಲಿಯಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳ ದೊಡ್ಡ ಹಿಂಡೇ ಇದೆ. ದೋಣಿಗೆ ದುಡ್ಡು ಕೊಡಲೇಬೇಕು ಅಂತಿಲ್ಲ, ಬಂದರಿನ ಕಟ್ಟೆಯ ಮೇಲೆ ನಿಂತರೂ ಕಾಣುತ್ತವೆ. ನಾವು ಎರಡು ದಿನ ಹೋದೆವು. ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಅಮ್ಮ ಶಾಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದರು, ಮಕ್ಕಳು ಪಕ್ಕದಲ್ಲಿ ದಾರಕ್ಕೆ ಬೇಕನ್ ಚೂರು ಕಟ್ಟಿ ಏಡಿ ಹಿಡಿಯುತ್ತಿದ್ದರು. ಹಿಡಿದು, ಬಕೆಟ್‌ನಲ್ಲಿ ನೋಡಿ, ವಾಪಸ್ ಬಿಡುವ ಆಟ ಅದು. ಮೊದಲು ಕಂಡದ್ದು ಅಮ್ಮನಿಗೇ. ಬೂದು ಬಣ್ಣದ ಬೆನ್ನು, ಇನ್ನೊಂದು ಬೆನ್ನು, ಪಕ್ಕದಲ್ಲಿ ಒಂದು ಚಿಕ್ಕದು. ಅಮ್ಮ ಏನೂ ಮಾತಾಡದೆ ನನ್ನ ತೋಳು ಗಟ್ಟಿಯಾಗಿ ಹಿಡಿದರು. ಮೂರೂ ಬೇಸಿಗೆಯಲ್ಲಿ ನನಗೆ ತುಂಬ ಬೇಕಾದ ಗಳಿಗೆ ಅದು.

ನಮ್ಮವರು ಮಗನನ್ನು ಕರೆದುಕೊಂಡು ಮೀನು ಹಿಡಿಯುವ ದೋಣಿಗೂ ಹೋಗಿ ಬಂದರು. ಸಿಕ್ಕಿದ್ದು ಏಳು ಮ್ಯಾಕರಲ್. ಅಮ್ಮ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಇದ್ ನಮ್ ಬಂಗ್ಡಿಯೇ ಅಲ್ದಾ? ಬೆನ್ನಿನ್ ಗೆರಿ ಮಾತ್ರ ಬೇರೆ." ನಿಜ, ಒಂದೇ ಬಳಗದ ಮೀನು. ನಮ್ಮ ಬಂಗುಡೆಯ ಬೆನ್ನಿನ ಗೆರೆ ಉದ್ದಕ್ಕೆ ಹೋಗುತ್ತದೆ, ಇದರದ್ದು ಅಡ್ಡಡ್ಡ, ಅಲೆ ಅಲೆಯಾಗಿ. ಊರಿಂದ ತಂದ ಮೆಣಸಿನ ಮಸಾಲೆ ಹಚ್ಚಿ ಕಾವಲಿ ಮೇಲೆ ಹುರಿದರು. ಕಿಟಕಿ ಎಲ್ಲ ತೆಗೆದಿಟ್ಟರೂ ಪರಿಮಳ ಬೀದಿಗೆ ಹೋಯಿತು. ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು ಏನು ಅಡುಗೆ ಅಂತ ಕೇಳಿ, ಎರಡು ತುಂಡು ತಿಂದು, ಮರುದಿನ ಒಂದು ತಟ್ಟೆ ವೆಲ್ಷ್ ಕೇಕ್ ತಂದುಕೊಟ್ಟರು. ಅದೂ ಕಾವಲಿ ಮೇಲೆ ಬೇಯಿಸುವುದೇ, ಒಣದ್ರಾಕ್ಷಿ ಹಾಕಿ. ಇಬ್ಬರು ಅಜ್ಜಿಯರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಅರ್ಧ ಗಂಟೆ ಕೂತಿದ್ದರು.

ಅಬರ್‌ಡಾರನ್‌ಗೆ ಕಾರ್ಡಿಫ್‌ನಿಂದ ಐದು ಗಂಟೆ ದಾರಿ, ಮಕ್ಕಳ ಜೊತೆ ನಿಂತು ನಿಂತು ಹೋದರೆ ಏಳು. ದಕ್ಷಿಣದಿಂದ ಉತ್ತರಕ್ಕೆ ಮೋಟರ್‌ವೇ ಇಲ್ಲ, ಬರೀ ಬೆಟ್ಟದ ತಿರುವು. ಮಗಳು ಎರಡು ಸಲ ವಾಂತಿ ಮಾಡಿದಳು. ಆದರೆ ತಲುಪಿದ ಮೇಲೆ ನಿಜವಾಗಿಯೂ ಭೂಮಿಯ ಅಂಚಿಗೆ ಬಂದ ಹಾಗಾಯಿತು. ಸೇಂಟ್ ಹಾಯ್‌ವಿನ್ ಚರ್ಚು ದಂಡೆಯ ಮೇಲೇ ಇದೆ, ಅಲೆಯ ಸದ್ದು ಒಳಗೆ ಕೇಳುತ್ತದೆ. ಕವಿ ಆರ್.ಎಸ್. ಥಾಮಸ್ 1967ರಿಂದ 1978ರವರೆಗೆ ಅಲ್ಲಿ ಪಾದ್ರಿಯಾಗಿದ್ದರು. ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಆಟದ ಜಾಗದಲ್ಲಿ ಮಕ್ಕಳೂ ದೊಡ್ಡವರೂ ವೆಲ್ಷ್ ಆಡುತ್ತಾರೆ. ಮನೆಯಲ್ಲಿ ಕನ್ನಡ ಉಳಿಸಿಕೊಳ್ಳಲು ದಿನಾ ಒದ್ದಾಡುವ ನನಗೆ ಅದನ್ನು ಕೇಳುತ್ತಾ ನಿಲ್ಲುವುದೇ ಒಂದು ಖುಷಿ. ನನ್ನ ಮಗ ಶಾಲೆಯಲ್ಲಿ ಕಲಿತ ವೆಲ್ಷ್‌ನಲ್ಲಿ ಐಸ್‌ಕ್ರೀಮ್ ಕೇಳಿದ, ಅಂಗಡಿಯವರು ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಶಾಲೆಯ ಪಾಠ ಹೊರಗೂ ನಡೆಯುತ್ತದೆ ಅಂತ ಅವನಿಗೆ ಗೊತ್ತಾದದ್ದು ಅವತ್ತು.

ಅಲ್ಲಿಗೆ ಹತ್ತಿರದ ಪೊರ್ಥೋರ್ ದಂಡೆಯಲ್ಲಿ ಮರಳು ಕೀಚುಗುಟ್ಟುತ್ತದೆ. ಒಣ ಮರಳಿನ ಮೇಲೆ ಪಾದ ಉಜ್ಜಿ ನಡೆದರೆ ಹೊಸ ಚಪ್ಪಲಿಯ ಹಾಗೆ ಕೀಂ ಕೀಂ ಅನ್ನುತ್ತದೆ, ಕಾಳುಗಳ ಆಕಾರವೇ ಹಾಗಂತೆ. ನಾವು ಹೋದ ಮೊದಲ ದಿನ ಮಳೆ ಬಂದು ಒದ್ದೆಯಾಗಿತ್ತು, ಚೂರೂ ಸದ್ದಿಲ್ಲ. ಮೂರನೇ ದಿನ ಬಿಸಿಲು ಬಿದ್ದ ಮೇಲೆ ಮತ್ತೆ ಹೋದೆವು, ಮಕ್ಕಳು ದಂಡೆಯ ಉದ್ದಕ್ಕೂ ಕಾಲು ಎಳೆದೆಳೆದು ಓಡಿದರು. ಇನ್ನೊಂದು ದಿನ ಮೊರ್ವಾ ನೆವಿನ್‌ನಿಂದ ಮರಳಿನ ಮೇಲೆ ನಡೆದು ಪೊರ್ಥ್‌ಡಿನ್‌ಲೈನ್‌ಗೆ. ಹೊರಗಿನವರ ಕಾರಿಗೆ ಅಲ್ಲಿ ಪ್ರವೇಶ ಇಲ್ಲ. ದಂಡೆಯ ಮೇಲೆ ಬೆರಳೆಣಿಕೆಯ ಮನೆ, ಒಂದು ಕೆಂಪು ಪಬ್ಬು, ಟೀ ಕೋಖ್, ಹೆಸರಿನ ಅರ್ಥವೂ ಕೆಂಪು ಮನೆ ಅಂತಲೇ. ಅದರ ಮುಂದೆ ಕಾಲು ನೀರಿಗೆ ಇಳಿಬಿಟ್ಟು ಚಿಪ್ಸ್ ತಿಂದೆವು. ಎನ್‌ಲಿ ದ್ವೀಪಕ್ಕೆ ಹೋಗಬೇಕು ಅಂತ ಬಹಳ ಆಸೆ ಇತ್ತು, ಗಾಳಿಗೆ ಎರಡು ದಿನವೂ ದೋಣಿ ಬಿಡಲಿಲ್ಲ. ಅಲ್ಲಿಗೆ ಮೂರು ಯಾತ್ರೆ ಮಾಡಿದರೆ ರೋಮಿಗೆ ಒಂದು ಸಲ ಹೋದಷ್ಟು ಪುಣ್ಯ ಅಂತ ಹಿಂದೆ ನಂಬಿದ್ದರು.

ಮಳೆ ದಿನದ ಲೆಕ್ಕ ಬೇರೆ, ಅದು ಬಂದೇ ಬರುತ್ತದೆ. ಟೆನ್ಬಿಯಲ್ಲಿ ಅಂಗಡಿ, ನೋಡಲು ತೆರೆದಿಟ್ಟ ಹಳೇ ಕಾಲದ ವ್ಯಾಪಾರಿಯ ಮನೆ, ಕೆಫೆ ಅಂತ ಹೊತ್ತು ಹೋಗುತ್ತದೆ. ಅಬರ್‌ಡಾರನ್‌ನಲ್ಲಿ ಮಳೆ ಹಿಡಿದರೆ ಮನೆಯೊಳಗೇ, ಬೇರೆ ದಾರಿಯಿಲ್ಲ. ಕಾರ್ಡು, ಕೇರಂ ತಗೊಂಡು ಹೋಗಿ. ಲಾಂಗ್ರಾನೊಗ್‌ನಲ್ಲೂ ಸುಮಾರು ಹಾಗೇ, ಆದರೆ ನ್ಯೂ ಕೀ, ಅಬರೈರನ್ ಹತ್ತಿರ ಇರುವುದರಿಂದ ಉಸಿರುಕಟ್ಟುವುದಿಲ್ಲ.

ಮಗು ತೀರಾ ಚಿಕ್ಕದು, ಕಾರಿಲ್ಲ, ಇದೇ ಮೊದಲ ಸಲ ಅನ್ನುವವರು ಕಣ್ಣುಮುಚ್ಚಿ ಟೆನ್ಬಿಗೆ ಹೋಗಿ. ರೈಲು ಊರಿಗೇ ಹೋಗುತ್ತದೆ. ಆದರೆ ಶಾಲೆಗೆ ರಜೆ ಶುರುವಾಗುವ ಮೊದಲೇ ಹೋಗಿ. ಎಂಟು ದಾಟಿದ ಮಕ್ಕಳು, ಪೂರ್ತಿ ಒಂದು ವಾರ ಕೈಲಿದ್ದವರು ಅಬರ್‌ಡಾರನ್‌ಗೆ. ಮೂರು ದಿನಕ್ಕೆ ಅಂತ ಅಷ್ಟು ದೂರ ಬೇಡ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಲಾಂಗ್ರಾನೊಗ್. ನಾನಂತೂ ದುಡ್ಡು, ದೂರ ಎಲ್ಲ ಬದಿಗಿಟ್ಟು ಕೇಳಿದರೂ ಅದನ್ನೇ ಹೇಳುತ್ತೇನೆ.

ಮುಂದಿನ ಜುಲೈಗೆ ಅದೇ ಕಲ್ಲಿನ ಮನೆ ಬುಕ್ ಆಗಿದೆ. ಇಳಿತ ಮಧ್ಯಾಹ್ನದ ಹೊತ್ತಿಗೆ ಬೀಳುವ ವಾರ ನೋಡಿ ಹಿಡಿದಿದ್ದೇವೆ. ಅಮ್ಮ ಬರುತ್ತಿದ್ದಾರೆ. ಮೊನ್ನೆ ಫೋನ್ ಮಾಡಿದಾಗ ಆ ಅಜ್ಜಿಗೆ ಕೊಡಲು ಮೆಣಸಿನ ಮಸಾಲೆ ಎಷ್ಟು ಪ್ಯಾಕೆಟ್ ತರಲಿ ಅಂತ ಕೇಳಿದರು.