ಕ್ವಾರ್ಟ್ಜ್ ಥಿಕ್‌ನೆಸ್ ಮಾನಿಟರ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮ ಲ್ಯಾಬ್‌ನ ಥರ್ಮಲ್ ಇವಾಪೊರೇಟರ್ (ನಿರ್ವಾತದಲ್ಲಿ ಲೋಹ ಕಾಯಿಸಿ, ಅದರ ಆವಿಯನ್ನು ಗಾಜಿನ ಮೇಲೆ ತೆಳು ಫಿಲ್ಮ್ ಆಗಿ ಕೂರಿಸುವ ಯಂತ್ರ) ಜೊತೆ ಬಂದ ಮಾನಿಟರ್ ಇದು. ಫಿಲ್ಮ್ ಎಷ್ಟು ದಪ್ಪವಾಯಿತು ಎಂದು ತೋರಿಸುವುದು ಇದರ ಕೆಲಸ. ಹೆಚ್ಚಾಗಿ ಅಲ್ಯೂಮಿನಿಯಂ, ಬೆಳ್ಳಿ, ಆಗೊಮ್ಮೆ ಈಗೊಮ್ಮೆ ಚಿನ್ನದ ಫಿಲ್ಮ್ ಹಾಕುತ್ತೇವೆ. ಕಂಪನಿ ಹೆಸರು ಬೇಡ. ಈ ಬಗೆಯ ಮಾನಿಟರ್‌ಗಳು ಕೆಲಸ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ.

ಕೊಳ್ಳುವ ಮುಂಚೆ ಒಂದು ವಿಷಯ ತಿಳಿದಿರಲಿ. ಇದು ನಿಮ್ಮ ಗಾಜಿನ ಮೇಲಿನ ದಪ್ಪ ಅಳೆಯುವುದಿಲ್ಲ, ತನ್ನ ಹರಳಿನ ಮೇಲೆ ಕೂತ ತೂಕ ಅಳೆಯುತ್ತದೆ. ಮಾಳಿಗೆ ಮೇಲಿನ ಮಳೆಮಾಪಕ ನೋಡಿ ತೋಟಕ್ಕೆ ಎಷ್ಟು ಬಿತ್ತು ಎಂದು ಹೇಳಿದ ಹಾಗೆ. 6 ಮೆಗಾಹರ್ಟ್ಜ್‌ನಲ್ಲಿ ಕಂಪಿಸುವ ಹರಳಿನ ಮೇಲೆ ಲೋಹ ಕೂತಂತೆಲ್ಲ ಫ್ರೀಕ್ವೆನ್ಸಿ ಇಳಿಯುತ್ತದೆ. ಈ ಲೆಕ್ಕವನ್ನು ಜರ್ಮನ್ ಭೌತವಿಜ್ಞಾನಿ ಸೌರ್‌ಬ್ರೆ 1959ರಲ್ಲಿ ಕೊಟ್ಟರು. ಅಲ್ಯೂಮಿನಿಯಂಗೆ 1 ಹರ್ಟ್ಜ್ ಇಳಿದರೆ ಸುಮಾರು ಅರ್ಧ ಆಂಗ್‌ಸ್ಟ್ರಾಮ್ ದಪ್ಪ ಕೂತಿದೆ ಎಂದರ್ಥ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ಈ ಸೂಕ್ಷ್ಮತೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಮಿಕ್ಕಿದ್ದು ನಾವು ಕೊಡುವ ಮೂರು ಅಂಕಿಗಳ ಮೇಲೆ ನಿಂತಿದೆ. ಡೆನ್ಸಿಟಿ ಸುಲಭ: ಅಲ್ಯೂಮಿನಿಯಂಗೆ 2.7, ಚಿನ್ನಕ್ಕೆ 19.3 (ಘನ ಸೆಂಟಿಮೀಟರಿಗೆ ಗ್ರಾಂ). (ತೀರಾ ತೆಳು ಫಿಲ್ಮ್‌ನಲ್ಲಿ ಡೆನ್ಸಿಟಿ ಇದಕ್ಕಿಂತ ಕಡಿಮೆ ಇರಬಹುದು, ಅದು ಬೇರೆ ಮಾತು.) ಝಡ್ ರೇಶಿಯೊ (ಕಂಪನ ಸಾಗಿಸುವುದರಲ್ಲಿ ಹರಳಿಗೂ ಲೋಹಕ್ಕೂ ಇರುವ ವ್ಯತ್ಯಾಸ ಸರಿದೂಗಿಸುವ ಅಂಕಿ) ಹೊಸ ಹರಳಿನಲ್ಲಿ ಅಷ್ಟೇನೂ ಕಾಡುವುದಿಲ್ಲ, ಲೋಹ ಜಾಸ್ತಿ ಕೂತ ಮೇಲೆ ಕಾಡುತ್ತದೆ. ನಿಜವಾಗಿ ತಲೆ ತಿನ್ನುವುದು ಟೂಲಿಂಗ್ ಫ್ಯಾಕ್ಟರ್, ಅಂದರೆ ಹರಳಿನ ಮೇಲೆ ಕೂತದ್ದಕ್ಕೆ ಹೋಲಿಸಿದರೆ ಗಾಜಿನ ಮೇಲೆ ಶೇಕಡಾ ಎಷ್ಟು ಕೂತಿದೆ ಎಂಬುದು. ಇನ್‌ಸ್ಟಾಲ್ ಮಾಡಲು ಬಂದವರು ಸುಮ್ನೆ 100 ಎಂದು ಹಾಕಿ ಹೋದರು. ಮಾನಿಟರ್ 1000 ಆಂಗ್‌ಸ್ಟ್ರಾಮ್ ತೋರಿಸಿ, ಪ್ರೊಫೈಲೋಮೀಟರ್‌ನಲ್ಲಿ (ಗಾಜಿನ ಮೇಲಿನ ಫಿಲ್ಮ್‌ನ ದಪ್ಪವನ್ನೇ ಅಳೆಯುವ ಉಪಕರಣ) 1200 ಬಂದರೆ, ಟೂಲಿಂಗ್ 120 ಆಗಬೇಕು. ಬೋಟ್ (ಲೋಹ ಕಾಯಿಸುವ ಪುಟ್ಟ ತಟ್ಟೆ) ಇಡುವ ಜಾಗವೋ ಗಾಜಿನ ಹೋಲ್ಡರ್ ಎತ್ತರವೋ ಬದಲಾದರೆ ಮತ್ತೆ ಮೊದಲಿನಿಂದ. ಇಷ್ಟು ಮುಖ್ಯವಾದ ವಿಷಯಕ್ಕೆ ಮ್ಯಾನುಯಲ್‌ನಲ್ಲಿ ಒಂದೇ ಪ್ಯಾರಾ!

ರೇಟ್ ಕಂಟ್ರೋಲ್ (ಫಿಲ್ಮ್ ಕೂರುವ ವೇಗವನ್ನು ತಾನೇ ಹಿಡಿದಿಡುವುದು) ಚೆನ್ನಾಗಿದೆ, ಆದರೆ ಫ್ಯಾಕ್ಟರಿಯಿಂದ ಬಂದ ಪಿಐಡಿ ಸೆಟ್ಟಿಂಗ್ (ವೇಗ ತಪ್ಪಿದಾಗ ಪವರ್ ಎಷ್ಟು ಬದಲಿಸಬೇಕು ಎಂದು ಹೇಳುವ ಅಂಕಿಗಳು) ನಮ್ಮ ಬೋಟ್‌ಗೆ ಹೊಂದಲಿಲ್ಲ. ಬೋಟ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಕಂಟ್ರೋಲರ್ ಇನ್ನಷ್ಟು ಪವರ್ ತಳ್ಳುತ್ತದೆ, ರೇಟ್ ಉಯ್ಯಾಲೆ ಆಡುತ್ತದೆ. ಆ ಅಂಕಿಗಳಲ್ಲಿ ಮೊದಲನೆಯದಾದ ಪಿ ತಗ್ಗಿಸಿ, ಸೋಕ್ ಸಮಯ (ಶುರುಮಾಡುವ ಮುಂಚೆ ಬೋಟ್ ಬಿಸಿಯಾಗಲು ಬಿಡುವ ಹೊತ್ತು) ಹೆಚ್ಚಿಸಿದ ಮೇಲೆ ನೆಟ್ಟಗಾಯಿತು. ಶಟರ್ (ಆವಿಗೆ ಅಡ್ಡ ಇರುವ ಮುಚ್ಚಳ) ತೆರೆದ ಕೂಡಲೇ ರೇಟ್ ಒಮ್ಮೆ ಹಾರಿದರೆ ಗಾಬರಿ ಬೇಡ. ಹರಳಿಗೆ ಶಾಖ ತಟ್ಟಿದ್ದು ಅಷ್ಟೇ. ಸೆನ್ಸರ್‌ಗೆ ತಣ್ಣೀರು ಹರಿಯುತ್ತಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಹರಳು ಖರ್ಚಿನ ಬಾಬತ್ತು. ಪರದೆಯ ಮೇಲಿನ 'ಲೈಫ್' ಶೇಕಡಾವನ್ನು ನಂಬಬೇಡಿ. ಅದು ಫ್ರೀಕ್ವೆನ್ಸಿ ಎಷ್ಟು ಇಳಿದಿದೆ ಎಂಬುದಷ್ಟೇ. ಮೆತ್ತನೆಯ ಲೋಹಕ್ಕೆ ಹರಳು ಬಹಳ ಬಾಳುತ್ತದೆ. ಮೆಗ್ನೀಸಿಯಂ ಫ್ಲೋರೈಡ್‌ನಂಥವು ಒಳಗಿನ ಬಿಗಿತದಿಂದ ಬಿರುಕು ಬಿಟ್ಟು ಹರಳನ್ನು ಅವಧಿಗೆ ಮುಂಚೆಯೇ ಕೈಕೊಡಿಸುತ್ತವೆ.

ಐದಕ್ಕೆ ನಾಲ್ಕು ಸ್ಟಾರ್. ಲೋಹದ ಕಾಂಟ್ಯಾಕ್ಟ್ (ವಿದ್ಯುತ್ ಸಂಪರ್ಕದ ಪದರ) ಹಾಕುವವರು, ಪ್ರೊಫೈಲೋಮೀಟರ್ ಕೈಗೆ ಸಿಗುವವರು ಧೈರ್ಯವಾಗಿ ತೆಗೆದುಕೊಳ್ಳಿ. ಹತ್ತಾರು ಪದರದ ಆಪ್ಟಿಕಲ್ ಫಿಲ್ಟರ್ ಮಾಡುವವರಾದರೆ ಜೊತೆಗೆ ಬೆಳಕಿನಿಂದ ದಪ್ಪ ಅಳೆಯುವ ಆಪ್ಟಿಕಲ್ ಮಾನಿಟರ್‌ಗೂ ದುಡ್ಡು ಎತ್ತಿಡಿ.